ನಂದಿ ತಪ್ಪಲಿನ ನೀಲಿ ದ್ರಾಕ್ಷಿ



ಪೇಟೆಯಲ್ಲಿ ಬೀಜರಹಿತ ದ್ರಾಕ್ಷಿಯ ಪಕ್ಕದಲ್ಲಿ ಅಗ್ಗದ ಬೆಲೆಗೆ ಮಾರಾಟವಾಗುವ ಬೀಜದ ಕಪ್ಪು ಹಣ್ಣೊಂದಿದೆ. ಹಿಚುಕಿದರೆ ತಿರುಳು ಉಂಡೆಯಾಗಿ ಜಾರಿ ಬಾಯಿಗೆ ಬೀಳುತ್ತದೆ. ದಪ್ಪ ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಅದೇ 'ಬೆಂಗಳೂರು ನೀಲಿ'. ಹೆಸರು ನಗರದ್ದಾದರೂ ಅದರ ಚಪ್ಪರಗಳು ಹಬ್ಬಿರುವುದು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಕೆಂಪು ಮಣ್ಣಿನಲ್ಲಿ.

ಅಮೆರಿಕದ ಲ್ಯಾಬ್ರುಸ್ಕಾ ಹಾಗೂ ಯುರೋಪಿನ ವಿನಿಫೆರಾ ದ್ರಾಕ್ಷಿಗಳ ಸಂಕರದಿಂದ ಹುಟ್ಟಿದ 'ಇಸಬೆಲ್ಲಾ' ತಳಿಯ ವಂಶ ಇದರದು. ಇದೇ ಇಸಬೆಲ್ಲಾವನ್ನು ಫ್ರಾನ್ಸ್ 1930ರ ದಶಕದಲ್ಲಿ ಕಾನೂನಿನಿಂದಲೇ ನಿಷೇಧಿಸಿತು. ಅಲ್ಲಿ ಬೇಡವೆನಿಸಿದ ಬಳ್ಳಿ ಇಲ್ಲಿ ಸಾವಿರಾರು ಕುಟುಂಬಗಳಿಗೆ ಅನ್ನವಾಯಿತು.

ಕಾರಣ ಅದರ ಗುಣಗಳಲ್ಲಿದೆ. ಉತ್ತರ ಕರ್ನಾಟಕದಲ್ಲಿ ಬೀಜರಹಿತ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟನಿ. ಬೆಳೆ ಮಾತ್ರ ಒಂದು. ನೀಲಿ ದ್ರಾಕ್ಷಿ ಎರಡೂ ಚಾಟನಿಗಳಿಗೆ ಫಲ ಕೊಡುತ್ತದೆ. ಚಿಬ್ಬು ರೋಗವನ್ನು ತಡೆದುಕೊಳ್ಳುತ್ತದೆ. ಬೂಜು ತುಪ್ಪಟ ರೋಗಕ್ಕೆ ಮಾತ್ರ ಬೇಗ ಸೋಲುತ್ತದೆ. ಗಾಢ ಬಣ್ಣ ಮತ್ತು ವಿಶಿಷ್ಟ ಪರಿಮಳದಿಂದ ರಸಕ್ಕೂ ವೈನಿಗೂ ಸಲ್ಲುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಶ್ಯಾಮ್' ಮತ್ತು 'ಅರ್ಕಾ ತೃಷ್ಣಾ' ತಳಿಗಳಿಗೆ ಇದೇ ತಾಯಿ. ಹಳೆಯ ಬಳ್ಳಿ ಅಳಿದರೆ ಒಂದು ಹಣ್ಣಷ್ಟೇ ಹೋಗುವುದಿಲ್ಲ, ಮುಂದಿನ ತಳಿಗಳ ಮೂಲಧನವೂ ಹೋಗುತ್ತದೆ.

2013ರಲ್ಲಿ ಈ ದ್ರಾಕ್ಷಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಆದರೆ ಆ ಪತ್ರ ಕಾಯುವುದು ಹೆಸರನ್ನು. ಬಳ್ಳಿಯನ್ನು ಕಾಯಬೇಕಾದುದು ನೀರು. ಉತ್ತರ ಪಿನಾಕಿನಿ, ಪಾಪಾಗ್ನಿ, ಚಿತ್ರಾವತಿಗಳು ನಂದಿ ಬೆಟ್ಟಗಳ ಸಾಲಿನಲ್ಲೇ ಹುಟ್ಟಿದರೂ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳಲ್ಲಿ ವರ್ಷವಿಡೀ ಹರಿಯುವ ಹೊಳೆಯೊಂದಿಲ್ಲ. ತೋಟಗಳು ಬದುಕಿರುವುದು ಕೊಳವೆಬಾವಿಗಳಿಂದ. ಅವು ಆಳಕ್ಕಿಳಿದಷ್ಟೂ ಸಾಲವೂ ಆಳವಾಗುತ್ತದೆ. ಬೆಟ್ಟದ ಕಾಡು, ರಾಜಕಾಲುವೆ, ಕೆರೆ ಉಳಿದರೆ ಮಾತ್ರ ಚಪ್ಪರ ಉಳಿದೀತು.

ಆದ್ದರಿಂದ ಬಂಧುಗಳೇ, ಹಳೆಯ ತೋಟವನ್ನು ಕೀಳಲೇಬೇಕಾದಾಗ ರೋಗವಿಲ್ಲದ, ಚೆನ್ನಾಗಿ ಫಲ ಕೊಟ್ಟ ಬಳ್ಳಿಗಳಿಂದ ಬಲಿತ ಕಡ್ಡಿಗಳನ್ನು ತೆಗೆದು ಬೇರು ಬರಿಸಿಡಿ. ಊರಿಗೊಂದು ಚಪ್ಪರವಾದರೂ ಇರಲಿ. ವಿದ್ಯಾರ್ಥಿಗಳು ತಮ್ಮ ಹೋಬಳಿಯ ಹಳೆಯ ತೋಟಗಳನ್ನು ಹುಡುಕಿ, ನೆಟ್ಟ ವರ್ಷ, ಇಳುವರಿ, ನೀರಿನ ಮೂಲಗಳನ್ನು ಹಿರಿಯರಿಂದ ಕೇಳಿ ಬರೆದಿಡಲಿ. ಒಮ್ಮೆ ಕಿತ್ತ ಬಳ್ಳಿಯ ಗುಣ ಯಾವ ದಾಖಲೆಯಿಂದಲೂ ಮರಳಿ ಚಿಗುರದು.