ಮರುಭೂಮಿಯ ಮನೆಗಳು: ಪಾಮ್ ಸ್ಪ್ರಿಂಗ್ಸ್‌ನಲ್ಲಿ ಉಳಿದದ್ದು, ಉರುಳಿದ್ದು

(ಸಂಘದ ಸಂಸ್ಥಾಪನಾ ದಿನೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಮಿತಿಯವರು ನಮಗೆ ಕೊಟ್ಟ ವಿಷಯ 'ಪರಂಪರೆಯ ರಕ್ಷಣೆ'. ಹಂಪಿ, ಬಾದಾಮಿ, ಬೇಲೂರುಗಳ ಬಗ್ಗೆ ನಮಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲೇ ಇದ್ದೀರಿ. ಆದ್ದರಿಂದ ನಾವು ಲಾಸ್ ಏಂಜಲೀಸಿನಿಂದ ಸುಮಾರು ನೂರು ಮೈಲಿ ದೂರದ ಪಾಮ್ ಸ್ಪ್ರಿಂಗ್ಸ್ ಊರನ್ನು ಆರಿಸಿಕೊಂಡಿದ್ದೇವೆ. ಅಲ್ಲಿನ ಕಟ್ಟಡಗಳಿಗೆ ಸಾವಿರ ವರ್ಷ ಆಗಿಲ್ಲ. ಈ ಸಭೆಯ ಹಿರಿಯರಿಗಿಂತ ಕೆಲವು ಚಿಕ್ಕವು! ಆದರೂ ಅವುಗಳನ್ನು ಉಳಿಸಲು ಒಂದು ಊರು ಪಟ್ಟ ಪಾಡು ನಮಗೂ ಸಂಬಂಧಿಸಿದ್ದು ಎಂದು ನಮ್ಮ ಅನಿಸಿಕೆ.

ನಮ್ಮವರು ಅಲ್ಲಿಗೆ ಹೋಗುವುದಿಲ್ಲವೆಂದಲ್ಲ. ಔಟ್‌ಲೆಟ್ ಅಂಗಡಿಗಳಿಗೆ ಹೋಗುತ್ತೇವೆ, ಕೇಬಲ್ ಕಾರು ಹತ್ತಿ ಹಿಮ ನೋಡಿ ಬರುತ್ತೇವೆ. ಮನೆಗಳನ್ನು ತೋರಿಸಿದರೆ ಮಾತ್ರ, "ಇದೇನು, ಶೆಡ್ಡಿನ ಹಾಗಿದೆ, ಇದಕ್ಕೆ ಇಷ್ಟು ದುಡ್ಡೇ?" ಎಂಬ ಉದ್ಗಾರ. ನಮ್ಮ ಪೈಕಿ ಒಬ್ಬರ ತಾಯಿ ತೀರ್ಥಹಳ್ಳಿ ಕಡೆಯವರು. ಚಿಟ್ಟೆ ರೆಕ್ಕೆ ಬಿಚ್ಚಿದಂತೆ ನಡುವೆ ತಗ್ಗಾಗಿ ಎರಡೂ ಕಡೆ ಮೇಲೆದ್ದ ಚಾವಣಿಯನ್ನು ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಳೆ ಬಂದರೆ ಗತಿ?" ಪ್ರಶ್ನೆ ಸರಿಯಾದದ್ದೇ. ಉತ್ತರವೂ ಸುಲಭ. ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 5 ಅಂಗುಲ ಮಳೆ. ಆಗುಂಬೆಯಲ್ಲಿ ಒಂದೇ ದಿನ ಅದಕ್ಕಿಂತ ಹೆಚ್ಚು ಸುರಿದದ್ದುಂಟು. ಮಳೆಯ ನಾಡಿನ ಮನೆ ನೀರಿಗೆ ಹೆದರಿ ಮಾಡು ಇಳಿಸುತ್ತದೆ. ಈ ಮನೆಗಳು ಹೆದರುವುದು ಬಿಸಿಲಿಗೆ. 2024ರ ಜುಲೈ 5ರಂದು ಅಲ್ಲಿ 124 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಎರಡು ದಶಕಗಳಲ್ಲಿ ಅಲ್ಲಿ ಹುಟ್ಟಿದ ಈ ಬಗೆಯನ್ನು 'ಮಿಡ್ ಸೆಂಚುರಿ ಮಾಡರ್ನ್' ಎನ್ನುತ್ತಾರೆ. ಅಲಂಕಾರ ಕಡಮೆ. ಉಕ್ಕು ಅಥವಾ ಮರದ ಕಂಬ ತೊಲೆಗಳೇ ಭಾರ ಹೊರುವುದರಿಂದ ಗೋಡೆಗೆ ಆ ಕೆಲಸವಿಲ್ಲ, ಅದು ಗಾಜಾಗಬಹುದು. ಚಾವಣಿ ಗೋಡೆಯನ್ನು ದಾಟಿ ಉದ್ದಕ್ಕೆ ಚಾಚಿಕೊಂಡು ನೆರಳು ಕೊಡುತ್ತದೆ. ಗೋಡೆಯ ತುದಿಗೆ, ಸೂರಿನ ಕೆಳಗೆ, ಬೆಳಕಿಗೆಂದು ಕಿರಿದಾದ ಕಿಟಕಿಗಳ ಸಾಲು. ಬೀದಿಯ ಕಡೆಗೆ ಸಿಮೆಂಟಿನ ಜಾಲಿ ಇಟ್ಟಿಗೆ. ಹೌದು, ನಮ್ಮ ಮೆಟ್ಟಿಲ ಗೋಡೆಗಳಲ್ಲಿ ಇರುತ್ತಿದ್ದ ಅದೇ ಜಾಲಿ!

ಮೊದಲು ಹೇಳಬೇಕಾದ ಹೆಸರು ಆಲ್ಬರ್ಟ್ ಫ್ರೈ. ಸ್ವಿಟ್ಜರ್ಲೆಂಡಿನವರು. ಚಂಡೀಗಢದಿಂದ ನಮಗೆಲ್ಲ ಪರಿಚಿತರಾದ ಲೆ ಕಾರ್ಬೂಸಿಯೆಯವರ ಪ್ಯಾರಿಸ್ ಕಚೇರಿಯಲ್ಲಿ ಕೆಲಸ ಮಾಡಿ, 1930ರಲ್ಲಿ ಅಮೆರಿಕಕ್ಕೆ ಬಂದು, ಕೆಲವು ವರ್ಷಗಳ ಬಳಿಕ ಒಂದು ಕಟ್ಟಡದ ನಿಮಿತ್ತ ಪಾಮ್ ಸ್ಪ್ರಿಂಗ್ಸಿಗೆ ಹೋದವರು ಆ ಊರಿಗೇ ಮನಸೋತರು. 1998ರಲ್ಲಿ ತೀರಿಕೊಂಡದ್ದೂ ಅಲ್ಲೇ. 1964ರಲ್ಲಿ ಬೆಟ್ಟದ ಓರೆಯಲ್ಲಿ ಅವರು ತಮಗಾಗಿ ಕಟ್ಟಿಕೊಂಡ ಮನೆ ಸುಮಾರು 800 ಚದರ ಅಡಿ, ಅಂದರೆ ನಮ್ಮ ಎರಡು ಕಾರಿನ ಗ್ಯಾರೇಜುಗಳನ್ನು ಜೋಡಿಸಿದರೆ ಆಗುವಷ್ಟು. ಅಲ್ಲಿದ್ದ ದೊಡ್ಡ ಬಂಡೆಯನ್ನು ಒಡೆಯದೆ ಮನೆಯೊಳಕ್ಕೇ ಬಿಟ್ಟುಕೊಂಡರು. ಗಾಜನ್ನು ಬಂಡೆಯ ಅಂಕುಡೊಂಕಿಗೆ ತಕ್ಕಂತೆ ಕತ್ತರಿಸಿ ಕೂರಿಸಿದ್ದಾರೆ. ವಸಂತದಲ್ಲಿ ಆ ಬೆಟ್ಟದಲ್ಲಿ ಅರಳುವ ಹಳದಿ ಹೂವಿನ ಬಣ್ಣವೇ ಮನೆಯ ಪರದೆಗಳಿಗೆ. ನಿವೇಶನ ಸಿಕ್ಕ ಕೂಡಲೇ ಡೈನಮೈಟ್ ತರುವ ಕಾಲದಲ್ಲಿ ಈ ಬಂಡೆಯ ಮುಂದೆ ನಿಂತು ನಾವು ಬಹಳ ಹೊತ್ತು ಮಾತಾಡಲಿಲ್ಲ. ಆ ಮನೆ ಈಗ ಅವರ ಉಯಿಲಿನಂತೆ ಊರಿನ ಕಲಾ ಸಂಗ್ರಹಾಲಯದ್ದು.

ಇವರ ಕಚೇರಿ ಇತರರೊಡನೆ ರೂಪಿಸಿದ ನಗರಸಭಾ ಭವನದ ಬಾಗಿಲಲ್ಲಿ ಮುಂಚಾಚಿದ ಚಾವಣಿಗೆ ದೊಡ್ಡ ಗುಂಡು ತೂತು, ಅದರೊಳಗಿಂದ ತಾಳೆ ಮರಗಳು ಮೇಲೆದ್ದಿವೆ. ಮಕ್ಕಳಿಗೆ ಅದು ಬಹಳ ಇಷ್ಟ.

ಎರಡನೆಯದು ರಿಚರ್ಡ್ ನಾಯ್ಟ್ರಾ ಅವರು 1946ರಲ್ಲಿ ಕಟ್ಟಿದ ಕೌಫ್‌ಮನ್ ಮನೆ. ಪಿಟ್ಸ್‌ಬರ್ಗಿನ ಈ ವ್ಯಾಪಾರಿ ಫ್ರಾಂಕ್ ಲಾಯ್ಡ್ ರೈಟ್ ಅವರಿಂದ ಜಲಪಾತದ ಮೇಲೆ ಮನೆ ಕಟ್ಟಿಸಿಕೊಂಡವರೇ. ಚಳಿಗಾಲಕ್ಕೆಂದು ಇಲ್ಲೊಂದು. ಮನೆಯ ನಾಲ್ಕು ತೋಳುಗಳು ಗಾಳಿಗಿರಿಗಿಟ್ಟಲೆಯಂತೆ ನಾಲ್ಕು ದಿಕ್ಕಿಗೆ ಚಾಚಿವೆ. ಬೇಕೆಂದಾಗ ತೆರೆದು ಮುಚ್ಚುವ ನಿಂತ ಅಲ್ಯುಮಿನಿಯಮ್ ಪಟ್ಟಿಗಳು ಬಿಸಿಲನ್ನೂ ಮರಳುಗಾಳಿಯನ್ನೂ ತಡೆಯುತ್ತವೆ. ಎರಡನೆಯ ಅಂತಸ್ತಿಗೆ ಊರಿನ ಕಾನೂನು ಒಪ್ಪಲಿಲ್ಲ, ಆದ್ದರಿಂದ ನಾಯ್ಟ್ರಾ ಮೇಲೆ ತೆರೆದ ಮಂಟಪವೊಂದನ್ನು ಮಾಡಿ ಅದು ಕೋಣೆಯೇ ಅಲ್ಲ ಎಂದರು. ಕಾನೂನಿನ ಸಂದು ಹುಡುಕುವುದರಲ್ಲಿ ಬೆಂಗಳೂರಿನವರೇ ಮೊದಲಿಗರಲ್ಲ ಎಂದಾಯಿತು.

ಇವೆರಡೂ ಕಲಾವಿದ ಮತ್ತು ಸಿರಿವಂತರ ಮನೆಗಳಾದವು. ನಮಗೆ ಹೆಚ್ಚು ಹಿಡಿಸಿದ್ದು ಅಲೆಕ್ಸಾಂಡರ್ ಎಂಬ ತಂದೆ ಮಗ, ವಿಲಿಯಂ ಕ್ರೈಸೆಲ್ ಎಂಬ ವಾಸ್ತುಶಿಲ್ಪಿಯೊಡನೆ ಸೇರಿ ಮಧ್ಯಮವರ್ಗಕ್ಕೆಂದು ಕಟ್ಟಿದವು. ಆ ಕಣಿವೆಯಲ್ಲಿ ಅವರ ಕಂಪನಿ ಕಟ್ಟಿದ್ದು ಎರಡು ಸಾವಿರಕ್ಕೂ ಹೆಚ್ಚು ಮನೆ. ಒಂದು ಬಡಾವಣೆಯಲ್ಲಿ ಎಲ್ಲ ಮನೆಗೂ ಹೆಚ್ಚುಕಡಮೆ ಒಂದೇ ನಕ್ಷೆ. ಆದರೆ ನಕ್ಷೆಯನ್ನು ನಿವೇಶನದ ಮೇಲೆ ತಿರುಗಿಸಿ ಇಟ್ಟು, ಚಾವಣಿಯನ್ನು ಒಂದಕ್ಕೆ ಚಿಟ್ಟೆ, ಒಂದಕ್ಕೆ ಚಪ್ಪಟೆ ಮಾಡಿ, ಒಂದರಂತೆ ಇನ್ನೊಂದು ಕಾಣದಂತೆ ಮಾಡಿದರು. ನಮ್ಮ ಈಗಿನ ಬಡಾವಣೆಗಳಲ್ಲಿ ಅತಿಥಿಗಳು ಪಕ್ಕದ ಮನೆಯ ಗಂಟೆ ಬಾರಿಸುವುದನ್ನು ನೋಡಿದರೆ ಈ ಜಾಣತನದ ಬೆಲೆ ತಿಳಿಯುತ್ತದೆ.

ಹಾಗೆಂದು ಇವರು ಮರುಭೂಮಿಯನ್ನು ಗೆದ್ದರು ಎನ್ನುವ ಹೊಗಳಿಕೆಯನ್ನು ನಾವು ಒಪ್ಪುವುದಿಲ್ಲ. ಅನೇಕ ಮನೆಗಳು ಚಳಿಗಾಲದ ಬಿಡಾರಗಳು. ಒಂದೇ ಪದರದ ಗಾಜು. ಬೇಸಗೆಯಲ್ಲಿ ಏರ್ ಕಂಡಿಷನರ್ ಇಲ್ಲದೆ ನಿಲ್ಲಲಾಗದು. ಆದರೂ ಬಿಸಿಲು ಯಾವ ಕಡೆಯಿಂದ ಬರುತ್ತದೆ ಎಂದು ಮೊದಲು ಕೇಳಿ, ಆಮೇಲೆ ಗೆರೆ ಎಳೆದವರು ಇವರು.

ಇನ್ನು ಉಳಿಸಿದ ಕತೆ. ಕಟ್ಟಡಕ್ಕೆ ಅತ್ಯಂತ ಅಪಾಯದ ವಯಸ್ಸು ಮೂವತ್ತರಿಂದ ಐವತ್ತು. ಹೊಸದೆಂಬ ಹೊಳಪು ಹೋಗಿರುತ್ತದೆ, ಹಳೆಯದೆಂಬ ಗೌರವ ಬಂದಿರುವುದಿಲ್ಲ. ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಪಟ್ಟಿಗೂ, ವಿಶೇಷ ಮಹತ್ವವಿದ್ದರೆ ಹೊರತು, ಐವತ್ತು ವರ್ಷ ತುಂಬಿರಬೇಕು. ಪಾಮ್ ಸ್ಪ್ರಿಂಗ್ಸ್‌ನ ಮನೆಗಳಿಗೆ ಆ ಗಂಡಾಂತರ 1980, 90ರ ದಶಕಗಳಲ್ಲಿ ಬಂತು. ಕೌಫ್‌ಮನ್ ಮನೆಯ ಅಂಗಳವನ್ನು ಮುಚ್ಚಿ ಕೋಣೆ ಮಾಡಿದ್ದರು, ಚಾವಣಿಯ ಮೇಲೆ ಯಂತ್ರಗಳನ್ನು ಹೇರಿದ್ದರು. ಹಲವು ವರ್ಷ ಮಾರಾಟಕ್ಕಿದ್ದರೂ ಕೊಳ್ಳುವವರಿರಲಿಲ್ಲ. 1990ರ ದಶಕದ ಆರಂಭದಲ್ಲಿ ಕೊಂಡ ದಂಪತಿಗಳು ಅದನ್ನು ಮೊದಲಿದ್ದಂತೆ ಮಾಡಲು ವರ್ಷಗಟ್ಟಲೆ ದುಡಿದರು. ಗೋಡೆಯ ಕಲ್ಲಿಗೆ ಹೊಂದುವ ಕಲ್ಲಿಗಾಗಿ ಯೂಟಾ ರಾಜ್ಯದ ಮೂಲ ಗಣಿಯನ್ನೇ ಮತ್ತೆ ತೆರೆಸಿದರು. ಮೊದಲು ಹೇಗಿತ್ತೆಂದು ತಿಳಿದದ್ದು ಹೇಗೆ? ಜೂಲಿಯಸ್ ಶುಲ್ಮನ್ ಎಂಬ ಛಾಯಾಗ್ರಾಹಕರು 1947ರಲ್ಲಿ ತೆಗೆದಿದ್ದ ಚಿತ್ರಗಳಿಂದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಫ್ರೈ ಅವರ 1955ರ ಅಗ್ನಿಶಾಮಕ ಠಾಣೆಗೆ ಕುತ್ತು ಬಂದಾಗ 1999ರಲ್ಲಿ ಊರಿನ ಕೆಲವರು ಕೂಡಿ 'ಪಾಮ್ ಸ್ಪ್ರಿಂಗ್ಸ್ ಮಾಡರ್ನ್ ಕಮಿಟಿ' ಕಟ್ಟಿದರು. ಠಾಣೆ ಉಳಿಯಿತು. ಊರ ಬಾಗಿಲಲ್ಲಿ ಹಕ್ಕಿಯ ಕೊಕ್ಕಿನಂತೆ ಚಾವಣಿ ಚಾಚಿರುವ 1965ರ ಪೆಟ್ರೋಲ್ ಬಂಕ್ ಕೂಡ ಪಾಳುಬಿದ್ದು ನೆಲಸಮವಾಗುವುದರಲ್ಲಿತ್ತು. ಈಗ ಅದೇ ಪ್ರವಾಸಿಗರ ಸ್ವಾಗತ ಕೇಂದ್ರ. ಕಾನೂನೂ ನೆರವಾಯಿತು. ಕ್ಯಾಲಿಫೋರ್ನಿಯದ 1972ರ ಮಿಲ್ಸ್ ಕಾಯಿದೆಯಂತೆ, ಐತಿಹಾಸಿಕ ಮನೆಯನ್ನು ಕೆಡದಂತೆ ನೋಡಿಕೊಳ್ಳುತ್ತೇವೆಂದು ನಗರಸಭೆಯೊಡನೆ ಕರಾರು ಮಾಡಿಕೊಂಡವರಿಗೆ ಆಸ್ತಿ ತೆರಿಗೆ ಇಳಿಯುತ್ತದೆ. ನಮ್ಮವರಿಗೆ ಈ ಭಾಗ ಬೇಗ ಅರ್ಥವಾಗುತ್ತದೆಂದು ಕಾಣುತ್ತದೆ!

ಎಲ್ಲವೂ ಉಳಿಯಲಿಲ್ಲ. ಪಕ್ಕದ ರಾಂಚೋ ಮಿರಾಜ್‌ನಲ್ಲಿ ನಾಯ್ಟ್ರಾ 1962ರಲ್ಲಿ ಕಟ್ಟಿದ್ದ ಮಾಸ್ಲನ್ ಮನೆಯನ್ನು 2002ರಲ್ಲಿ ಕೊಂಡವರು ಕೆಲವೇ ವಾರಗಳಲ್ಲಿ ಕೆಡವಿಬಿಟ್ಟರು. ಪರವಾನಗಿ ಕ್ರಮಬದ್ಧವಾಗಿತ್ತು, ತಡೆಯಲು ಕಾನೂನು ಇರಲಿಲ್ಲ.

ಇನ್ನೊಂದು ಕತೆ ಇಷ್ಟು ಸರಳವಲ್ಲ. ರೈಲು ಕಂಪನಿಗೆ ಒಂದು ಚೌಕ, ಮೂಲನಿವಾಸಿಗಳಿಗೆ ಒಂದು ಚೌಕ ಎಂದು ಸರ್ಕಾರ ಹಿಂದೆ ಚದುರಂಗದ ಮಣೆಯಂತೆ ಹಂಚಿದ ಭೂಮಿ ಅದು. ಊರ ನಡುವಿನ ಬಿಸಿನೀರ ಬುಗ್ಗೆ, ಅದರ ಸುತ್ತಲ 'ಸೆಕ್ಷನ್ 14' ಎಂಬ ಒಂದು ಚದರ ಮೈಲಿ, ಆಗುವಾ ಕಾಲಿಯೆಂಟೆ ಜನಾಂಗದ್ದು. ಅಲ್ಲಿ ಬಾಡಿಗೆಗೆ ಇದ್ದವರು ಮನೆಗೆಲಸ, ಗಾರೆಗೆಲಸ ಮಾಡುವ ಕಪ್ಪು ಜನರು ಮತ್ತು ಮೆಕ್ಸಿಕನ್ ಮೂಲದವರು. 1959ರ ಕಾನೂನು 99 ವರ್ಷದ ಗುತ್ತಿಗೆಗೆ ದಾರಿ ಮಾಡಿಕೊಟ್ಟ ಮೇಲೆ ಆ ಜಾಗದ ಬೆಲೆ ಏರಿತು. ಮುಂದಿನ ವರ್ಷಗಳಲ್ಲಿ ನಗರಸಭೆ ಆ ಮನೆಗಳನ್ನು ಕೆಡವಿತು, ಸುಟ್ಟಿತು. ಅಂದರೆ ಚಿಟ್ಟೆ ಚಾವಣಿಗಳು ಏಳುತ್ತಿದ್ದ ದಶಕದಲ್ಲೇ, ಅದೇ ಊರಿನಲ್ಲಿ, ಅವುಗಳಲ್ಲಿ ದುಡಿಯುವವರ ಮನೆಗಳು ಬೂದಿಯಾಗುತ್ತಿದ್ದವು. ನಗರಸಭೆ 2021ರಲ್ಲಿ ಕ್ಷಮೆ ಕೇಳಿತು, 2024ರಲ್ಲಿ 59 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿತು. ಆ ಮನೆಗಳ ಚಿತ್ರ ತೆಗೆಯಲು ಯಾವ ಶುಲ್ಮನ್ ಹೋಗಿದ್ದರು?

ಅದೇ ಬುಗ್ಗೆಯ ಮೇಲೆ 1960ರಲ್ಲಿ ಎದ್ದ ಸೊಗಸಾದ ಸ್ನಾನಗೃಹವನ್ನು ಆ ಜನಾಂಗದವರು 2014ರಲ್ಲಿ ಕೆಡವಿದಾಗ ವಾಸ್ತುಪ್ರಿಯರು ಗೋಳಾಡಿದರು. ಕಟ್ಟಡ ಹೋದದ್ದಕ್ಕೆ ನಮಗೂ ಬೇಸರವಿದೆ. ಆದರೆ ಅದು ಅವರ ನೀರು, ಅವರ ನೆಲ. ಬುಗ್ಗೆಯ ಸುತ್ತ ಅವರು ಹೊಸ ಸ್ನಾನಗೃಹ, ತಮ್ಮದೇ ವಸ್ತು ಸಂಗ್ರಹಾಲಯ ಕಟ್ಟಿ 2023ರಲ್ಲಿ ತೆರೆದಿದ್ದಾರೆ. ಅಲ್ಲಿಗೆ ಹೋದವರು ಅದನ್ನು ನೋಡದೆ ಬರಬೇಡಿ.

ಇದೆಲ್ಲ ನಮಗೇಕೆ ಎಂದರೆ, ಈ ಗಾಳಿ ನಮ್ಮೂರಿಗೂ ಬೀಸಿತ್ತು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದವರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅವರ ಕಟ್ಟಡಗಳಿವೆ. ಬಿಸಿಲು, ಗಾಳಿಗಳನ್ನು ಲೆಕ್ಕ ಹಾಕಿ ಕಟ್ಟುವ ಆ ವಿದ್ಯೆಯನ್ನೇ ಮುಂದೆ ಲಂಡನ್ನಿನಲ್ಲಿ ಕಲಿಸಿದರು. 1950, 60ರ ದಶಕಗಳಲ್ಲಿ ಜಯನಗರ, ರಾಜಾಜಿನಗರ, ಮೈಸೂರಿನ ಸರಸ್ವತೀಪುರಂಗಳಲ್ಲಿ ನಮ್ಮ ತಂದೆ ತಾಯಂದಿರು ಪ್ರಾವಿಡೆಂಟ್ ಫಂಡ್ ತೆಗೆದು ಕಟ್ಟಿದ ಮನೆಗಳು ಅದೇ ವಯಸ್ಸಿನವು: ಸಜ್ಜಾ, ಜಾಲಿ, ಕೆಂಪು ನೆಲ, ಮೂಲೆಯಲ್ಲಿ ಗುಂಡಗೆ ತಿರುಗಿದ ಬಾಲ್ಕನಿ. ಬಿಲ್ಡರಿಗೆ ಅವು ಬರೀ ನಿವೇಶನ. ನಮ್ಮಲ್ಲೇ ಒಂದು ಸಂಸಾರದ ಜಯನಗರದ ಮನೆ 2019ರಲ್ಲಿ ಹೋಯಿತು. ಅಣ್ಣ ತಮ್ಮಂದಿರೆಲ್ಲ ಹೊರದೇಶದಲ್ಲಿ, ಬೇರೆ ದಾರಿ ಇರಲಿಲ್ಲ. ಆಮೇಲೆ ಆಲ್ಬಮ್‌ಗಳನ್ನು ಹುಡುಕಿದರೆ ನಾಮಕರಣ, ಉಪನಯನ, ಮದುವೆ ಎಲ್ಲ ಇವೆ. ಮನೆಯದೇ ಎಂಬ ಒಂದು ಫೋಟೋ ಇಲ್ಲ. ವರನ ಪೇಟದ ಹಿಂದೆ ಜಾಲಿಯ ಎರಡು ಇಟ್ಟಿಗೆ, ಅಜ್ಜಿಯ ಭುಜದ ಪಕ್ಕ ಕಿಟಕಿಯ ಅರ್ಧ. ಅಷ್ಟೇ.

ಎಲ್ಲ ಮನೆಯನ್ನೂ ಉಳಿಸಿ ಎಂದು ಇಲ್ಲಿ ಕೂತು ಹೇಳುವ ಹಕ್ಕು ನಮಗಿಲ್ಲ. ಆದರೆ ಡಿಸೆಂಬರಿನಲ್ಲಿ ಊರಿಗೆ ಹೋಗುವವರು ಒಂದು ಬೆಳಿಗ್ಗೆ, ಜನರನ್ನೆಲ್ಲ ಪಕ್ಕಕ್ಕೆ ನಿಲ್ಲಿಸಿ, ಮನೆಯ ನಾಲ್ಕೂ ಕಡೆಯ ಚಿತ್ರ ತೆಗೆಯಿರಿ. ನೆಲದ ಮೇಲೆ ಬಿಸಿಲು ಬೀಳುವ ಜಾಗವನ್ನೂ ತೆಗೆಯಿರಿ. ನಕ್ಷೆಯ ಹಾಳೆ ಕಬ್ಬಿಣದ ಬೀರುವಿನಲ್ಲೇ ಇರುತ್ತದೆ. ಕಟ್ಟಿದ ಮೇಸ್ತ್ರಿಯ ಹೆಸರು ತಂದೆಯವರಿಗೆ ನೆನಪಿದ್ದರೆ ಬರೆದಿಟ್ಟುಕೊಳ್ಳಿ. ಅವುಗಳ ಪ್ರತಿಯನ್ನು ಕೊಟ್ಟರೆ ಸಂಘದ ಗ್ರಂಥಾಲಯದಲ್ಲಿ ಒಂದು ಕಪಾಟು ತೆರವು ಮಾಡಿಕೊಡುವುದಾಗಿ ಕಾರ್ಯದರ್ಶಿಗಳು ಒಪ್ಪಿದ್ದಾರೆ.

ಪಾಮ್ ಸ್ಪ್ರಿಂಗ್ಸ್‌ನಲ್ಲಿ 2006ರಿಂದ ಫೆಬ್ರವರಿಯಲ್ಲಿ ನಡೆಯುವ 'ಮಾಡರ್ನಿಸಂ ವೀಕ್' ಸಮಯದಲ್ಲಿ ಕೆಲವು ಖಾಸಗಿ ಮನೆಗಳ ಬಾಗಿಲು ತೆರೆಯುತ್ತದೆ, ಟಿಕೆಟ್ ಬೇಕು. ಉಳಿದ ದಿನ ಬೀದಿಯಿಂದಲೇ ನೋಡಬೇಕು. ಒಳಗೆ ಸಂಸಾರಗಳಿವೆ, ಕಾಂಪೌಂಡ್ ಹತ್ತಬೇಡಿ. ನಾವು ನಾಲ್ಕು ಸಂಸಾರ ಹೊರಡುವವರಿದ್ದೇವೆ, ಎರಡು ವ್ಯಾನುಗಳಲ್ಲಿ ಇನ್ನೂ ಐದು ಸೀಟು ಖಾಲಿ ಇದೆ. ಬರುವವರು ಊಟದ ಸಾಲಿನಲ್ಲಿ ನಮ್ಮನ್ನು ಹಿಡಿದು ಹೆಸರು ಬರೆಸಿ. ಟೋಪಿ, ನೀರು ಮರೆಯಬೇಡಿ.