ಅಂಗಡಿಗೆ ಪರವಾನಗಿ, ಕೈಗೆ ಪ್ರಮಾಣಪತ್ರ



ಕ್ಷೌರ ಮತ್ತು ಸೌಂದರ್ಯ ಪ್ರಸಾಧನದ ತರಬೇತಿ ಮುಗಿಸಿ, ಉತ್ತರ ಕನ್ನಡದ ಮಾಗೋಡಿನ ಸುತ್ತಲಿನ ಹಳ್ಳಿಗಳಿಂದ ಯಲ್ಲಾಪುರಕ್ಕೋ ಶಿರಸಿಗೋ ಹೋಗಿ ಅಂಗಡಿ ತೆರೆಯುವವರಿಗೆ ಕರ್ನಾಟಕದ ಕಾನೂನು ಹಾಕುವ ಪ್ರಶ್ನೆಗಳು ಬಹುಮಟ್ಟಿಗೆ ಅಂಗಡಿಯನ್ನು ಕುರಿತವೇ ಆಗಿವೆ. ಹಳ್ಳಿಯಲ್ಲಾದರೆ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಡಿ ಗ್ರಾಮ ಪಂಚಾಯತಿ, ಯಲ್ಲಾಪುರ, ಸಿದ್ದಾಪುರಗಳಲ್ಲಾದರೆ ಪಟ್ಟಣ ಪಂಚಾಯತಿ, ಶಿರಸಿಯಲ್ಲಾದರೆ ನಗರಸಭೆ, ಇಂಥ ಜಾಗದಲ್ಲಿ ಇಂಥ ಉದ್ಯೋಗ ನಡೆಸಬಹುದೆಂಬ ಒಪ್ಪಿಗೆಯನ್ನು, ಅಂದರೆ ವ್ಯಾಪಾರ ಪರವಾನಗಿಯನ್ನು, ಕೊಡುತ್ತದೆ. ಪಟ್ಟಣಗಳಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದಡಿ ನೋಂದಣಿಯೂ ಇರುತ್ತದೆ. ಆದರೆ ಗಿರಾಕಿಯ ಕತ್ತಿನ ಮೇಲೆ ಕತ್ತಿ ಇಡುವವರು ಎಲ್ಲಿ, ಏನು ಕಲಿತರೆಂದು ಇವುಗಳಲ್ಲಿ ಯಾವುದೂ ಕೇಳುವುದಿಲ್ಲ.

ಅಮೆರಿಕದಲ್ಲಿ ಮಿನ್ನೆಸೋಟ ರಾಜ್ಯವು 1897ರಲ್ಲಿಯೇ ಕ್ಷೌರಿಕರಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಅಲ್ಲಿಂದ ಒಂದೊಂದೇ ರಾಜ್ಯವು ಶಾಲೆಗೆ ಮಾನ್ಯತೆ, ವಿದ್ಯಾರ್ಥಿಗೆ ಇಷ್ಟು ಗಂಟೆಗಳ ಕಲಿಕೆ, ಕೊನೆಗೆ ಪರೀಕ್ಷೆ ಎಂಬ ಕ್ರಮವನ್ನು ಕಟ್ಟಿಕೊಂಡಿತು. ಕ್ಯಾಲಿಫೋರ್ನಿಯಾವು ಪ್ರಸಾಧನ ಶಿಕ್ಷಣಕ್ಕೆ ಬೇಕೆನ್ನುತ್ತಿದ್ದ 1,600 ಗಂಟೆಗಳನ್ನು 2022ರಿಂದ 1,000ಕ್ಕೆ ಇಳಿಸಿದೆ. ಗಂಟೆಯ ಲೆಕ್ಕವೇ ಕೌಶಲದ ಲೆಕ್ಕವಾಗಿದ್ದರೆ ಒಂದು ತಿದ್ದುಪಡಿಗೆ ಆರುನೂರು ಗಂಟೆಗಳು ಹೀಗೆ ಉದುರುತ್ತಿರಲಿಲ್ಲ. ಬ್ರಿಟನ್ನಿನಲ್ಲಿಯಾದರೋ 1964ರ ಕಾಯ್ದೆಯು ಕೇಶವಿನ್ಯಾಸಕರ ನೋಂದಣಿಯನ್ನು ಇಷ್ಟವಿದ್ದವರಿಗೆ ಬಿಟ್ಟಿದೆ.

ಭಾರತದಲ್ಲಿ ಶಾಲೆಯ ಅಳತೆಗೋಲುಗಳು ಹಲವು. ಕೈಗಾರಿಕಾ ತರಬೇತಿ ಸಂಸ್ಥೆ, ಅಂದರೆ ಐಟಿಐ, ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಒಂದು ವರ್ಷದ ಕಾಸ್ಮೆಟಾಲಜಿ ಕಲಿಸಿ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಕೊಡಿಸುತ್ತದೆ. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್‌ನ ಮಾದರಿಯಲ್ಲಿ ದೇಶದಾದ್ಯಂತ ಹಬ್ಬಿದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು, ನೆರೆಯ ಹಳಿಯಾಳದಲ್ಲಿರುವುದೂ ಸೇರಿ, ಬ್ಯೂಟಿ ಪಾರ್ಲರ್ ಕೆಲಸವನ್ನು ತಿಂಗಳೊಂದರ ಆಸುಪಾಸಿನಲ್ಲಿ ಉಚಿತವಾಗಿ ಕಲಿಸುತ್ತವೆ. 2023ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಒಂದಾಗಿದ್ದು, ಅದರ ಮೂಲ ತರಬೇತಿ ಐದರಿಂದ ಏಳು ದಿನಗಳದು. ಇವೆಲ್ಲದರ ಮೇಲೆ 2018ರಲ್ಲಿ ರಚಿತವಾದ ರಾಷ್ಟ್ರೀಯ ವೃತ್ತಿಶಿಕ್ಷಣ ಮತ್ತು ತರಬೇತಿ ಪರಿಷತ್ತು ಇದ್ದು, ಪ್ರಮಾಣಪತ್ರ ಕೊಡುವ ಸಂಸ್ಥೆಗೂ ಪರೀಕ್ಷೆ ನಡೆಸುವ ಸಂಸ್ಥೆಗೂ ಬೇರೆ ಬೇರೆಯಾಗಿ ಮಾನ್ಯತೆ ಕೊಡುತ್ತದೆ. ಕಲಿಸಿದವರೇ ತೇರ್ಗಡೆಮಾಡಿ ಕಳಿಸುವ ಚಾಳಿಗೆ ಇದು ತಕ್ಕ ತಡೆ.

ನಿಯಮಗಳು ಬಿಗಿಯಾದಷ್ಟೂ ಒಳಿತೆಂಬುದು ಮಾತ್ರ ಅವಸರದ ತೀರ್ಮಾನವಾದೀತು. ಕ್ಷೌರವೇ ಕುಲಕಸುಬಾದ ಸವಿತಾ ಸಮಾಜದ, ಭಂಡಾರಿ ಮನೆತನಗಳ ಹಿರಿಯರು ತಂದೆಯ ಪಕ್ಕದಲ್ಲಿ ನಿಂತು ಕಲಿತವರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಲ್ಲವೆಂದು ಅವರನ್ನು ಹೊರಗಿಟ್ಟರೆ ಪರವಾನಗಿಯು ಕಸುಬನ್ನು ಕಸಿಯುವ ಸಾಧನವಾಗುತ್ತದೆ. ಕಟ್ಟಳೆಗಳು ಹೀಗೆ ಹೊರಗಿಟ್ಟದ್ದೂ ಉಂಟು: ಚಲನಚಿತ್ರ ಕ್ಷೇತ್ರದಲ್ಲಿ ಪ್ರಸಾಧನ ಕಲಾವಿದರ ಗುರುತುಚೀಟಿ ಗಂಡಸರಿಗೆ ಮಾತ್ರ ಸಿಗುತ್ತಿದ್ದು, ಹೆಂಗಸರು ಕೇಶವಿನ್ಯಾಸಕ್ಕಷ್ಟೇ ಸೀಮಿತರಾಗಬೇಕಿತ್ತು. ಪ್ರಸಾಧನ ಕಲಾವಿದೆ ಚಾರು ಖುರಾನಾ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಕಟ್ಟಳೆಯನ್ನು ತೊಡೆದುಹಾಕಿದ್ದು 2014ರ ನವೆಂಬರಿನಲ್ಲಿ.

ಕಾನೂನು ಕೇಳದ ಪ್ರಶ್ನೆಯನ್ನು ಶಾಲೆಯೇ ಕೇಳಬೇಕಾಗಿರುವುದರಿಂದ, ಆ ಪ್ರಶ್ನೆ ಯಾವುದೆಂಬುದು ಮುಖ್ಯವಾಗುತ್ತದೆ. ರಕ್ತ ತಾಗಿದ ಕತ್ತಿಯಿಂದ ಹೆಪಟೈಟಿಸ್ ಬಿ ಮತ್ತು ಸಿ ಹರಡಬಲ್ಲವು. ಆದ್ದರಿಂದ ಪ್ರತಿ ಗಿರಾಕಿಗೂ ಹೊಸ ಬ್ಲೇಡು ಹಾಕುವುದು ಮೊದಲ ಪಾಠ. ಅನೇಕ ಸಲೂನುಗಳಲ್ಲಿ ಕಾಣುವ ನೀಲಿ ಬೆಳಕಿನ ಪೆಟ್ಟಿಗೆಯು ತೊಳೆದು ಶುದ್ಧಮಾಡಿದ ಉಪಕರಣವನ್ನು ಇಡಲು ಸರಿಯೇ ಹೊರತು, ಕೊಳೆಯಾದದ್ದನ್ನು ಶುದ್ಧಮಾಡಲು ಸಾಲದು. ಮಲೆನಾಡಿನ ಮಳೆಗಾಲದಲ್ಲಂತೂ ಒಣಗದ ಟವೆಲ್ಲೇ ಹುಳಕಡ್ಡಿಗೆ ದಾರಿಯಾಗುವುದರಿಂದ, ಬಯಲುಸೀಮೆಯ ಪಠ್ಯದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ವಿಷಯಕ್ಕೆ ಇಲ್ಲಿ ಒಂದು ವಾರವನ್ನೇ ಕೊಟ್ಟರೂ ಹೆಚ್ಚಲ್ಲ. ಕೂದಲಿಗೆ ಹಚ್ಚುವ ಬಣ್ಣದಲ್ಲಿರುವ ಪ್ಯಾರಾಫಿನೈಲೀನ್‌ಡೈಅಮೀನ್ ಕೆಲವರಿಗೆ ತೀವ್ರ ಅಲರ್ಜಿ ತರುವುದರಿಂದ, ಮೊದಲು ಚರ್ಮದ ಸಣ್ಣ ಜಾಗದಲ್ಲಿ ಹಚ್ಚಿ 48 ಗಂಟೆ ಕಾಯುವ ಪ್ಯಾಚ್ ಪರೀಕ್ಷೆಯನ್ನು, ಮದುವೆಯ ಗಡಿಬಿಡಿಯಲ್ಲಿ ಗಿರಾಕಿಯೇ ಬೇಡವೆಂದರೂ, ಬಿಡುವಂತಿಲ್ಲ.

ಇನ್ನೊಂದು ಪಾಠ ಈ ನೆಲಕ್ಕೇ ಸೇರಿದ್ದು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ತಾಲೂಕುಗಳಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯವನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರ ಬಿಗಿ ಗುಂಗುರು ಕೂದಲು ಒಣಗಿದಾಗ ಬಾಚಿದರೆ ತುಂಡಾಗುತ್ತದೆ. ಅದನ್ನು ಒದ್ದೆಯಿರುವಾಗ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಬಿಡಿಸಬೇಕು. ನೇರಗೊಳಿಸುವ ರಾಸಾಯನಿಕವು ನೆತ್ತಿಯನ್ನು ಸುಡಬಲ್ಲದು. ಎಲ್ಲ ಬಗೆಯ ಕೂದಲಿನ ಆರೈಕೆಯನ್ನೂ ಪ್ರಸಾಧನ ಶಾಲೆಗಳು ಕಲಿಸಲೇಬೇಕೆಂದು ನ್ಯೂಯಾರ್ಕ್ ರಾಜ್ಯವು 2023ರಲ್ಲಿ ಕಾಯ್ದೆ ಮಾಡಿತು. ಯಲ್ಲಾಪುರದ ಸೀಮೆಯಲ್ಲಿ ಅದಕ್ಕೆ ಕಾಯ್ದೆ ಬರುವವರೆಗೆ ಕಾಯಬೇಕಾದ ಅಗತ್ಯವಿಲ್ಲ. ಆ ಕೂದಲನ್ನು ದಿನವೂ ಹೆಣೆದು, ಬಿಡಿಸಿ ಬಲ್ಲವರು ಸಿದ್ದಿ ಮನೆಗಳ ಹೆಂಗಸರು. ಬೋಧಕರಿಗೆ ಇಂಥ ಪದವಿ, ಇಂಥ ಬೋಧಕ ತರಬೇತಿ ಇರಲೇಬೇಕೆಂಬ ಮಾನ್ಯತೆಯ ನಿಯಮಗಳು ಅವರನ್ನು ತರಗತಿಯ ಹೊರಗೇ ನಿಲ್ಲಿಸುವಂತಿರುವುದರಿಂದ, ಕನಿಷ್ಠಪಕ್ಷ ಅತಿಥಿ ಬೋಧಕರೆಂದು ಗೌರವಧನ ಕೊಟ್ಟು ಅವರನ್ನು ಕರೆಯುವ ಅಧಿಕಾರವನ್ನು ಶಾಲೆಗಳು ಪಡೆದುಕೊಳ್ಳಬೇಕಾಗಿದೆ.