ಅಂಕಣದ ಹೊರಗೆ ನಿಂತವನು



ಕಬಡ್ಡಿ ಪಂದ್ಯವನ್ನು ನೀವೆಲ್ಲ ನೋಡಿದ್ದೀರಿ. ದಾಳಿಗೆ ಹೋದ ಆಟಗಾರ ಎದುರಾಳಿಗಳ ನಡುವೆ ಸಿಕ್ಕಿಕೊಂಡಾಗ ತರಬೇತುದಾರ ಅಂಕಣದೊಳಗೆ ಕಾಲಿಡುವಂತಿಲ್ಲ. ಕಲಿಸಿದ್ದು ಆಟಗಾರನ ಮೈಗೂಡಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಗಣಕಯಂತ್ರಕ್ಕೆ ತಂತ್ರಾಂಶ ರಚಿಸುವ ಕಚೇರಿಗಳಲ್ಲಿಯೂ ಇಂಥ ತರಬೇತುದಾರರಿದ್ದಾರೆ. ಬೆಂಗಳೂರಿನ ಅನೇಕ ಸಂಸ್ಥೆಗಳಲ್ಲಿ 'ಅಜೈಲ್ ಕೋಚ್' ಎಂಬ ಹುದ್ದೆಯೇ ಉಂಟು. ನಾಳೆ ಅಂಥ ಕಚೇರಿ ಸೇರುವವರು ನಿಮ್ಮಲ್ಲೂ ಇದ್ದೀರಿ. ಈ ತರಬೇತುದಾರ ಮಾಡುವುದಾದರೂ ಏನು?

ಅಜೈಲ್ ಎಂದರೆ ಚುರುಕಾದ ಎಂದರ್ಥ. ಹಳೆಯ ಪದ್ಧತಿಯಲ್ಲಿ ಬೇಕಾದುದನ್ನೆಲ್ಲ ಮೊದಲೇ ಬರೆದಿಟ್ಟು, ವರ್ಷಗಟ್ಟಲೆ ಕಟ್ಟಿ, ಕಡೆಗೆ ಪರೀಕ್ಷಿಸುತ್ತಿದ್ದರು. ತಪ್ಪು ತಿಳಿಯುತ್ತಿದ್ದುದೂ ಕಡೆಗೇ. ಅಜೈಲ್ ಪದ್ಧತಿಯಲ್ಲಿ ಎರಡು ಮೂರು ವಾರಗಳಿಗೊಮ್ಮೆ ಒಂದು ಸಣ್ಣ ಭಾಗವನ್ನು ಪೂರ್ತಿ ಮುಗಿಸಿ, ಬಳಸುವವರಿಗೆ ತೋರಿಸಿ, ಅವರು ಹೇಳಿದ್ದನ್ನು ಕೇಳಿಕೊಂಡು ಮುಂದುವರಿಯುತ್ತಾರೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ಕಲೆತು ಇದರ ತತ್ತ್ವಗಳನ್ನು ಬರೆದು ಹೆಸರಿಟ್ಟರು. ಆದರೆ ಪ್ರಯೋಗಗಳು ಅದಕ್ಕೂ ಹಿಂದಿನವು.

ಅವುಗಳಲ್ಲೊಂದು ಕ್ರೈಸ್ಲರ್ ಮೋಟಾರು ಕಂಪನಿಯ ಸಂಬಳದ ಲೆಕ್ಕ. ಬೇರೆ ಬೇರೆಯಾಗಿದ್ದ ಹಳೆಯ ಲೆಕ್ಕದ ವ್ಯವಸ್ಥೆಗಳ ಬದಲು ಒಂದೇ ಹೊಸ ವ್ಯವಸ್ಥೆ ಬೇಕಿತ್ತು. ಕೆಲಸ ಕುಂಟುತ್ತಿತ್ತು. ವೇಗ ಹೆಚ್ಚಿಸಲೆಂದು 1996ರಲ್ಲಿ ಕೆಂಟ್ ಬೆಕ್ ಅವರನ್ನು ಕರೆಸಿದರು. ಅವರು ನೋಡಿ, ತೊಂದರೆ ವೇಗದ್ದಲ್ಲ, ಹೊಸದಾಗಿ ಆರಂಭಿಸುವುದೇ ಲೇಸು ಎಂದರು. ರಾನ್ ಜೆಫ್ರೀಸ್ ಎಂಬವರನ್ನು ತಂಡದ ತರಬೇತುದಾರರನ್ನಾಗಿ ಕರೆತಂದರು. ಇಬ್ಬರು ಒಂದೇ ಯಂತ್ರದ ಮುಂದೆ ಕುಳಿತು ಬರೆಯುವುದು, ಕ್ರಮವಿಧಿಗೆ ಮೊದಲೇ ಅದರ ಪರೀಕ್ಷೆಯನ್ನು ಬರೆದಿಡುವುದು ಮುಂತಾದ ಅಭ್ಯಾಸಗಳು ಅಲ್ಲಿ ನೆಲೆಗೊಂಡವು. 1997ರಲ್ಲಿ ಸುಮಾರು 10,000 ನೌಕರರ ಸಂಬಳ ಹೊಸ ವ್ಯವಸ್ಥೆಯಿಂದ ಬಟವಾಡೆಯಾಯಿತು.

ಇಂಥ ಅಭ್ಯಾಸಗಳನ್ನು ಪುಸ್ತಕ ಓದಿಯೇ ಕಲಿಯಬಹುದಲ್ಲ ಎನ್ನುವಿರಿ. ಓದಿ ತಿಳಿಯಬಹುದು, ನಿಜ. ಆದರೆ ಗಡುವು ಹತ್ತಿರವಾಗಿ ಎದೆ ಹೊಡೆದುಕೊಳ್ಳುವಾಗ ಮನುಷ್ಯ ಮೊದಲು ಕೈಬಿಡುವುದು ಹೊಸದಾಗಿ ಕಲಿತದ್ದನ್ನೇ. 'ಪರೀಕ್ಷೆ ಆಮೇಲೆ ಬರೆದರಾಯಿತು' ಎನ್ನುತ್ತಾನೆ. ಆಗ ಪಕ್ಕದಲ್ಲಿ ಕುಳಿತು, 'ಇದು ಸರಿಯಿದೆಯೆಂದು ನಿಮಗೆ ಹೇಗೆ ಗೊತ್ತು?' ಎಂದು ಮೆಲ್ಲಗೆ ಕೇಳುವವನೇ ತರಬೇತುದಾರ. ಉತ್ತರ ತನಗೆ ಗೊತ್ತಿದ್ದರೂ ತಟ್ಟನೆ ಹೇಳುವುದಿಲ್ಲ. ಹೇಳಿದರೆ ತಂಡ ಮುಂದಿನ ಸಲವೂ ಅವನ ಮುಖವನ್ನೇ ನೋಡುತ್ತದೆ. (ಎರಡು ದಿನದ ಶಿಬಿರ ನಡೆಸಿ, ಪ್ರಮಾಣಪತ್ರ ಹಂಚಿ ಹೊರಡುವ ಕೋಚ್‌ಗಳೂ ಇದ್ದಾರೆ. ಅವರ ವಿಷಯ ಬಿಡಿ.)

ನನ್ನ ದೃಷ್ಟಿಯಲ್ಲಿ ತಂಡಕ್ಕೆ ಕಲಿಸುವುದು ಸುಲಭದ ಭಾಗ, ವ್ಯವಸ್ಥಾಪಕರದೇ ಕಷ್ಟದ್ದು. ಸ್ಕ್ರಮ್ ಎಂಬ ಪದ್ಧತಿಯಲ್ಲಿ ದಿನಕ್ಕೊಮ್ಮೆ 15 ನಿಮಿಷದ ಸಭೆಯುಂಟು. ಸದಸ್ಯರು ಒಬ್ಬರಿಗೊಬ್ಬರು ತಮ್ಮ ಕೆಲಸ, ಅಡಚಣೆ ಹೇಳಿಕೊಳ್ಳಬೇಕು. ವ್ಯವಸ್ಥಾಪಕರು ಬಂದು ನಿಂತು 'ಇದೇಕೆ ತಡವಾಯಿತು?' ಎಂದರೆ ತೀರಿತು. ಮರುದಿನದಿಂದ ಎಲ್ಲರೂ ಅವರತ್ತ ತಿರುಗಿ ವರದಿ ಒಪ್ಪಿಸುತ್ತಾರೆ, ಅಡಚಣೆಗಳು ಬಾಯಿಗೇ ಬರುವುದಿಲ್ಲ. ಅವರೇನೂ ಕೆಟ್ಟವರಲ್ಲ. ಕೆಲಸ ಹಂಚಿ, ತಪಾಸಣೆ ಮಾಡಿಯೇ ಮೇಲೆ ಬಂದವರು. ಅದನ್ನು ಬಿಟ್ಟರೆ ತಮಗೇನು ಉಳಿಯಿತು ಎಂಬ ಅಂಜಿಕೆ ಸಹಜ. ಒಳ್ಳೆಯ ತರಬೇತುದಾರ ಇದನ್ನು ಸಭೆಯಲ್ಲಿ ಎತ್ತಿ ಆಡುವುದಿಲ್ಲ. ಬಳಿಕ ಒಬ್ಬರೇ ಸಿಕ್ಕಾಗ ಬೇರೊಂದು ಕೆಲಸವನ್ನು ತೋರಿಸುತ್ತಾನೆ: ತಂಡ ಹೇಳಿದ ಅಡಚಣೆಯನ್ನು ಬಿಡಿಸುವುದು. ಬೇರೆ ವಿಭಾಗದ ಒಪ್ಪಿಗೆ, ಸಿಗದ ಯಂತ್ರ, ಬಾರದ ಗ್ರಾಹಕ ಇವೆಲ್ಲ ಅಧಿಕಾರವಿದ್ದವರಿಂದಲೇ ಆಗಬೇಕಾದವು.

ಕ್ರೈಸ್ಲರ್ ಯೋಜನೆಯ ಕಥೆ 1997ಕ್ಕೆ ಮುಗಿಯಲಿಲ್ಲ. ಉಳಿದ ನೌಕರರನ್ನು ಹೊಸ ವ್ಯವಸ್ಥೆಗೆ ಸೇರಿಸುವುದು ಎಳೆದಾಡಿತು. ಏನು ಬೇಕೆಂದು ತಂಡಕ್ಕೆ ಹೇಳುವವರೊಬ್ಬರು, ಹಣ ಕೊಡುವವರು ಇನ್ನೊಬ್ಬರು; ಇಬ್ಬರ ಬಯಕೆ ಒಂದೇ ಆಗಿರಲಿಲ್ಲ. 2000ದಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು. ಮರುವರ್ಷ ಸ್ನೋಬರ್ಡ್‌ನಲ್ಲಿ ಕಲೆತ ಆ 17 ಮಂದಿಯಲ್ಲಿ ಬೆಕ್ ಮತ್ತು ಜೆಫ್ರೀಸ್ ಇಬ್ಬರೂ ಇದ್ದರು.